ಪಂಡಿತಾ ರಮಾಬಾಯಿ: ಆತ್ಮಪರಿವರ್ತನೆ ಮತ್ತು ಸಮುದಾಯ ನಿರ್ಮಾಣ

ಹತ್ತೊಂಬತ್ತನೆಯ ಶತಮಾನದ ಸಮಾಜ ಸುಧಾರಣೆಯ ಚರಿತ್ರೆಯಲ್ಲಿ ಹೆಣ್ಣು ಬಹುಮಟ್ಟಿಗೆ ಸುಧಾರಣೆಯ ವಸ್ತುವಾಗಿ ಕಾಣಿಸಿಕೊಂಡಿದ್ದಾಳೆ. ಅದರ ಕರ್ತೃವಾಗಿ ಕಾಣಿಸಿಕೊಂಡದ್ದು ವಿರಳ. ವಿಧವಾವಿವಾಹ, ಸ್ತ್ರೀಶಿಕ್ಷಣ, ಸಮ್ಮತಿಯ ವಯಸ್ಸು ಮೊದಲಾದ ಚರ್ಚೆಗಳು ಹೆಣ್ಣನ್ನು ಕುರಿತೇ ನಡೆದವಾದರೂ ಅವನ್ನು ನಡೆಸಿದವರು ಮುಖ್ಯವಾಗಿ ಮೇಲ್ಜಾತಿಯ ವಿದ್ಯಾವಂತ ಪುರುಷರು ಹಾಗೂ ವಸಾಹತು ಆಡಳಿತಗಾರರು. ಈ ಚರ್ಚೆಯೊಳಗೆ ಸ್ವಂತ ಅಧಿಕಾರದಿಂದ ಪ್ರವೇಶಿಸಿದ ಮೊದಲ ತಲೆಮಾರಿನ ಮಹಿಳೆಯರಲ್ಲಿ ಪಂಡಿತಾ ರಮಾಬಾಯಿ (೧೮೫೮-೧೯೨೨) ಪ್ರಮುಖರು. ಅವರ ಬದುಕನ್ನು ಕುರಿತ ಬರವಣಿಗೆ ಹೆಚ್ಚಾಗಿ ೧೮೮೩ರ ಮತಾಂತರದ ಸುತ್ತಲೇ ಸುತ್ತಿದೆ. ಒಂದು ಪಂಥದ ದೃಷ್ಟಿಯಲ್ಲಿ ಅದು ದ್ರೋಹ. ಇನ್ನೊಂದು ಪಂಥದ ದೃಷ್ಟಿಯಲ್ಲಿ ಉದ್ಧಾರ. ಈ ಎರಡೂ ನಿಲುವುಗಳು ಅವರ ಬದುಕನ್ನು ಒಂದೇ ಘಟನೆಗೆ ಇಳಿಸಿಬಿಡುತ್ತವೆ. ವಾಸ್ತವವಾಗಿ ರಮಾಬಾಯಿಯವರು ಹಲವು ಬಾರಿ ಬದಲಾದರು. ಪ್ರತಿ ಬಾರಿಯೂ ಇದ್ದ ಸಮುದಾಯವನ್ನು ಕಳೆದುಕೊಂಡರು. ಪ್ರತಿ ಬಾರಿಯೂ ಹೊಸದೊಂದು ಸಮುದಾಯವನ್ನು ಕಟ್ಟಲು ತೊಡಗಿದರು. ಪರಿವರ್ತನೆ ಮತ್ತು ಸಮುದಾಯ ನಿರ್ಮಾಣಗಳ ನಡುವಣ ಈ ಸಂಬಂಧವನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

೧. ಕಾಡಿನ ಪಾಠಶಾಲೆ

ರಮಾಬಾಯಿಯವರ ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳ ಸಮೀಪದ ಮಾಳದ ಚಿತ್ಪಾವನ ಬ್ರಾಹ್ಮಣ ಮನೆತನಕ್ಕೆ ಸೇರಿದವರು. ಪುಣೆಯಲ್ಲಿ ರಾಮಚಂದ್ರ ಶಾಸ್ತ್ರಿ ಸಾಠೆ ಅವರಲ್ಲಿ ವ್ಯಾಸಂಗ ಮಾಡುತ್ತಿದ್ದಾಗ, ಗುರುಗಳು ಪೇಶ್ವೆಯ ಅರಮನೆಯ ರಾಣಿಗೆ ಸಂಸ್ಕೃತ ಕಲಿಸುತ್ತಿದ್ದುದು ಅವರ ಗಮನ ಸೆಳೆಯಿತು. ಹೆಣ್ಣು ಸಂಸ್ಕೃತ ಓದಬಲ್ಲಳೆಂಬ ಅರಿವು ಅನಂತಶಾಸ್ತ್ರಿಗಳಲ್ಲಿ ಮೂಡಿದ್ದು ಹೀಗೆ. ಮುಂದೆ ಅವರು ತಮ್ಮ ಎಳೆಯ ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಲು ತೊಡಗಿದಾಗ ಬಂಧುಗಳಿಂದಲೂ ಊರಿನವರಿಂದಲೂ ವಿರೋಧ ಬಂದಿತು. ಉಡುಪಿಯ ವಿದ್ವಾಂಸರ ಮುಂದೆ ಅವರು ತಮ್ಮ ನಡೆಯನ್ನು ಶಾಸ್ತ್ರಾಧಾರಗಳಿಂದ ಸಮರ್ಥಿಸಿಕೊಳ್ಳಬೇಕಾಯಿತು. ಇಲ್ಲಿ ಗಮನಿಸಬೇಕಾದ ಅಂಶವೆಂದರೆ ಅನಂತಶಾಸ್ತ್ರಿಗಳು ಆಧುನಿಕ ಅರ್ಥದ ಸುಧಾರಕರಾಗಿರಲಿಲ್ಲ. ಸ್ತ್ರೀಯರಿಗೆ ವೇದಾಧಿಕಾರವಿಲ್ಲವೆಂಬ ನಿಯಮವನ್ನು ಅವರು ಮೀರಲಿಲ್ಲ. ಕಾವ್ಯ, ಪುರಾಣಗಳ ಅಧ್ಯಯನಕ್ಕೆ ಮಾತ್ರ ಅವಕಾಶ ಕಲ್ಪಿಸಿದರು. ಸಂಪ್ರದಾಯದ ಒಳಗಿನಿಂದಲೇ ಸಾಧ್ಯವಾಗಬಹುದಾದ ಒಂದು ಸಣ್ಣ ತೆರಪನ್ನು ಅವರು ಹುಡುಕಿಕೊಂಡರು. ಅದಕ್ಕೂ ಊರಿನಲ್ಲಿ ಎಡೆಯಿಲ್ಲದಾದಾಗ ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ ಮನೆ ಕಟ್ಟಿಕೊಂಡು ವಿದ್ಯಾರ್ಥಿಗಳಿಗೆ ಪಾಠ ಹೇಳಿದರು. ತುಂಗಾ, ಭದ್ರಾ, ನೇತ್ರಾವತಿ ನದಿಗಳು ಹುಟ್ಟುವ ಆ ತಾಣದಲ್ಲಿ ೧೮೫೮ರ ಏಪ್ರಿಲ್ ೨೩ರಂದು ರಮಾಬಾಯಿ ಜನಿಸಿದರು.

ಅತಿಥಿಸತ್ಕಾರ ಮತ್ತು ವಿದ್ಯಾದಾನಗಳ ಖರ್ಚಿನಿಂದ ಕುಟುಂಬವು ಸಾಲಕ್ಕೆ ಸಿಲುಕಿ, ಮಗು ಆರು ತಿಂಗಳಿನದಾಗಿದ್ದಾಗಲೇ ನೆಲೆ ಬಿಟ್ಟು ತೀರ್ಥಯಾತ್ರೆ ಹೊರಟಿತು. ಬೆತ್ತದ ಪೆಟ್ಟಿಗೆಯಲ್ಲಿ ಮಲಗಿಸಿದ ಮಗುವನ್ನು ಹೊತ್ತು ಘಟ್ಟವನ್ನು ಇಳಿದ ಆ ಕುಟುಂಬ ಮತ್ತೆಂದೂ ಒಂದೆಡೆ ನೆಲೆಯೂರಲಿಲ್ಲ. ದೇವಾಲಯಗಳ ಆವರಣದಲ್ಲಿ, ನದೀತೀರಗಳಲ್ಲಿ ಪುರಾಣ ಪ್ರವಚನ ಮಾಡಿ ಬಂದ ದಕ್ಷಿಣೆಯಲ್ಲಿ ಅವರ ಜೀವನ ಸಾಗಿತು. ವೃದ್ಧರಾಗಿದ್ದ ತಂದೆಯ ಬದಲಿಗೆ ತಾಯಿಯೇ ರಮಾಬಾಯಿಯವರ ಗುರುವಾದರು. ಬೆಳಗಿನ ಜಾವ ಮಗಳನ್ನು ಎಬ್ಬಿಸಿ ಲಕ್ಷ್ಮೀಬಾಯಿ ಹೇಳಿಕೊಟ್ಟ ಪಾಠದಿಂದಾಗಿ ಭಾಗವತವು ರಮಾಬಾಯಿಯವರಿಗೆ ಬಾಯಿಪಾಠವಾಯಿತು. ಅಲೆದಾಟದ ಫಲವಾಗಿ ಮರಾಠಿಯ ಜೊತೆಗೆ ಕನ್ನಡ, ಹಿಂದೂಸ್ತಾನಿ, ಮುಂದೆ ಬಂಗಾಳಿ ಭಾಷೆಗಳೂ ಅವರಿಗೆ ಒಲಿದವು. ಹಿರಿಯ ಮಗಳು ಕೃಷ್ಣಾಬಾಯಿಯ ಬಾಲ್ಯವಿವಾಹ ದುಃಖದಲ್ಲಿ ಕೊನೆಗೊಂಡುದರಿಂದ ಕಿರಿಯ ಮಗಳಿಗೆ ಎಳವೆಯಲ್ಲಿ ಮದುವೆ ಮಾಡದಿರಲು ತಂದೆ ನಿರ್ಧರಿಸಿದ್ದರು.

೧೮೭೪ರಿಂದ ಮುಂದಿನ ಕೆಲವು ವರ್ಷಗಳಲ್ಲಿ ದಕ್ಷಿಣ ಭಾರತವನ್ನು ಕಾಡಿದ ಕ್ಷಾಮದಲ್ಲಿ ಈ ಕುಟುಂಬ ಛಿದ್ರವಾಯಿತು. ತಂದೆ, ತಾಯಿ, ಅಕ್ಕ ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಹಸಿವಿನಲ್ಲಿಯೂ ಕೂಲಿ ಮಾಡಲು ಅಥವಾ ಬೇಡಲು ಜಾತಿಯ ಅಭಿಮಾನ ಅಡ್ಡಬಂದಿತ್ತು. ತಾಯಿಯ ಶವವನ್ನು ಹೊರಲು ಸಾಕಷ್ಟು ಜನ ಬಾರದಿದ್ದಾಗ ರಮಾಬಾಯಿಯೇ ಚಟ್ಟಕ್ಕೆ ಹೆಗಲು ಕೊಡಲು ಮುಂದಾದರು. ಎತ್ತರ ಸಾಲದೆ ತಲೆಯ ಮೇಲೆ ಹೊತ್ತರು. ಜಾತಿಯನ್ನು ಕಾಯ್ದುಕೊಂಡ ಕುಟುಂಬವನ್ನು ಜಾತಿಯು ಕಾಯಲಿಲ್ಲವೆಂಬ ಈ ಅನುಭವವು ಅವರ ಮುಂದಿನ ವೈಚಾರಿಕತೆಯ ತಳಪಾಯವೆಂದು ಹೇಳಬಹುದು.

೨. ಪಾಂಡಿತ್ಯದಿಂದ ಪ್ರಶ್ನೆಯ ಕಡೆಗೆ

ಅಣ್ಣ ಶ್ರೀನಿವಾಸನೊಡನೆ ಕಾಲ್ನಡಿಗೆಯಲ್ಲಿ ದೇಶ ಸುತ್ತಿದ ರಮಾಬಾಯಿ ೧೮೭೮ರಲ್ಲಿ ಕಲ್ಕತ್ತೆ ತಲುಪಿದರು. ಇಪ್ಪತ್ತರ ಹರೆಯದ ಅವಿವಾಹಿತ ಬ್ರಾಹ್ಮಣ ತರುಣಿ ಸಂಸ್ಕೃತದಲ್ಲಿ ಆಶುವಾಗಿ ಮಾತನಾಡುವುದನ್ನು ಕಂಡು ಬೆರಗಾದ ವಿದ್ವಾಂಸರು ಅವರಿಗೆ ಪಂಡಿತಾ ಮತ್ತು ಸರಸ್ವತೀ ಎಂಬ ಬಿರುದುಗಳನ್ನಿತ್ತರು. ಪ್ರಾಚೀನ ಭಾರತದ ವಿದುಷಿಯರ ಪರಂಪರೆಗೆ ಜೀವಂತ ಸಾಕ್ಷಿಯೊಬ್ಬರು ಬೇಕಾಗಿದ್ದ ಕಾಲವದು. ಆದರೆ ಸ್ತ್ರೀಧರ್ಮದ ಬಗ್ಗೆ ಉಪನ್ಯಾಸ ನೀಡಲೆಂದು ಧರ್ಮಶಾಸ್ತ್ರಗಳನ್ನು ಓದತೊಡಗಿದಾಗ ಅವರಿಗೆ ಕಂಡದ್ದೇ ಬೇರೆ. ಅನೇಕ ವಿಷಯಗಳಲ್ಲಿ ಪರಸ್ಪರ ಭಿನ್ನವಾಗಿರುವ ಗ್ರಂಥಗಳು ಹೆಣ್ಣನ್ನೂ ಶೂದ್ರರನ್ನೂ ಕೀಳಾಗಿ ಕಾಣುವುದರಲ್ಲಿ ಮಾತ್ರ ಒಮ್ಮತ ಹೊಂದಿವೆಯೆಂಬುದನ್ನು ಅವರು ಗುರುತಿಸಿದರು. ಬ್ರಹ್ಮಸಮಾಜದ ಕೇಶವಚಂದ್ರ ಸೇನ್ ವೇದವನ್ನು ಓದುವಂತೆ ಪ್ರೇರೇಪಿಸಿದ್ದು ಇದೇ ಅವಧಿಯಲ್ಲಿ. ತಂದೆ ನಿಲ್ಲಿಸಿದ್ದ ಗೆರೆಯನ್ನು ಮಗಳು ದಾಟಿದ್ದು ಇಲ್ಲಿ.

೧೮೮೦ರಲ್ಲಿ ಅಣ್ಣ ತೀರಿಕೊಂಡ ಕೆಲವೇ ತಿಂಗಳಲ್ಲಿ ಅವರು ಅಣ್ಣನ ಸ್ನೇಹಿತರೂ ವಕೀಲರೂ ಆಗಿದ್ದ ಬಿಪಿನ್ ಬಿಹಾರಿ ದಾಸ್ ಮೇಧಾವಿಯವರನ್ನು ಸಿವಿಲ್ ಕಾಯಿದೆಯ ಪ್ರಕಾರ ವಿವಾಹವಾದರು. ಬಂಗಾಳದ ಬ್ರಾಹ್ಮಣೇತರರೊಬ್ಬರನ್ನು ಮದುವೆಯಾದ ಈ ನಡೆಯು ಜಾತಿ, ಭಾಷೆ, ಪ್ರಾಂತ್ಯಗಳೆಂಬ ಮೂರು ಎಲ್ಲೆಗಳನ್ನು ಒಮ್ಮೆಗೇ ದಾಟಿತು. ೧೮೮೧ರ ಏಪ್ರಿಲ್‌ನಲ್ಲಿ ಮಗಳು ಮನೋರಮಾ ಹುಟ್ಟಿದಳು. ೧೮೮೨ರ ಫೆಬ್ರವರಿಯಲ್ಲಿ ಪತಿ ಕಾಲರಾಕ್ಕೆ ಬಲಿಯಾದರು. ಇಪ್ಪತ್ತನಾಲ್ಕು ತುಂಬುವ ಮುನ್ನವೇ ರಮಾಬಾಯಿ ತಾವು ಯಾರ ಪರವಾಗಿ ಮಾತನಾಡುತ್ತಿದ್ದರೋ ಆ ವಿಧವೆಯರಲ್ಲಿ ಒಬ್ಬರಾದರು.

ಅದೇ ವರ್ಷ ಪುಣೆಗೆ ಬಂದ ಅವರನ್ನು ರಾನಡೆ, ಭಂಡಾರ್ಕರ್ ಮೊದಲಾದ ಸುಧಾರಕರು ಸ್ವಾಗತಿಸಿದರು. ಮಹಿಳೆಯರನ್ನು ಸಂಘಟಿಸಲು ಆರ್ಯ ಮಹಿಳಾ ಸಮಾಜ ಸ್ಥಾಪನೆಯಾಯಿತು. ಮರಾಠಿಯಲ್ಲಿ ಸ್ತ್ರೀಧರ್ಮನೀತಿ ಪ್ರಕಟವಾಯಿತು. ಹಂಟರ್ ಶಿಕ್ಷಣ ಆಯೋಗದ ಮುಂದೆ ಸಾಕ್ಷ್ಯ ನೀಡಿ ಮಹಿಳಾ ಶಿಕ್ಷಕಿಯರ ಹಾಗೂ ಮಹಿಳಾ ವೈದ್ಯರ ಅಗತ್ಯವನ್ನು ಪ್ರತಿಪಾದಿಸಿದರು. ಸ್ವತಃ ವೈದ್ಯಶಿಕ್ಷಣ ಪಡೆಯುವ ಉದ್ದೇಶದಿಂದ, ಪುಸ್ತಕ ಮಾರಾಟದ ಹಣದ ನೆರವಿನೊಂದಿಗೆ, ೧೮೮೩ರಲ್ಲಿ ಮಗಳೊಡನೆ ಇಂಗ್ಲೆಂಡಿಗೆ ಹೊರಟರು.

೩. ಮತಾಂತರ ಮತ್ತು ಭಿನ್ನಮತ

ವಾಂಟೇಜ್‌ನ ಆಂಗ್ಲಿಕನ್ ಸಂನ್ಯಾಸಿನಿಯರ ಆಶ್ರಯದಲ್ಲಿದ್ದ ಆರಂಭದ ತಿಂಗಳುಗಳು ಕಠಿಣವಾಗಿದ್ದವು. ಜೊತೆಗೆ ಬಂದಿದ್ದ ಆನಂದಿಬಾಯಿ ಭಗತ್ ಆತ್ಮಹತ್ಯೆ ಮಾಡಿಕೊಂಡರು. ಕಿವಿಯ ದೋಷದಿಂದಾಗಿ ರಮಾಬಾಯಿಯವರ ವೈದ್ಯಶಿಕ್ಷಣದ ಆಸೆಯೂ ಕೈಗೂಡಲಿಲ್ಲ. ೧೮೮೩ರ ಸೆಪ್ಟೆಂಬರ್ ೨೯ರಂದು ತಾಯಿ ಮಗಳಿಬ್ಬರೂ ದೀಕ್ಷಾಸ್ನಾನ ಪಡೆದರು. ಸುದ್ದಿ ತಲುಪಿದಾಗ ಪುಣೆಯ ಬಹುತೇಕ ಬೆಂಬಲಿಗರು ಬೆನ್ನು ತಿರುಗಿಸಿದರು. ಅವರ ಪರವಾಗಿ ನಿಂತು ಬರೆದ ಕೆಲವರಲ್ಲಿ ಜೋತಿರಾವ್ ಫುಲೆ ಒಬ್ಬರು. ಬ್ರಾಹ್ಮಣ ವಿದುಷಿಯ ನಿರ್ಗಮನವನ್ನು ಫುಲೆಯವರು ಧರ್ಮಶಾಸ್ತ್ರಗಳ ಅನ್ಯಾಯಕ್ಕೆ ದೊರೆತ ಸಾಕ್ಷ್ಯವೆಂದು ಪರಿಭಾವಿಸಿದ್ದು ಅರ್ಥಪೂರ್ಣವಾಗಿದೆ.

ಮತಾಂತರವನ್ನು ಶರಣಾಗತಿಯೆಂದು ಭಾವಿಸುವವರು ಆನಂತರದ ಮೂರು ವರ್ಷಗಳ ಪತ್ರವ್ಯವಹಾರವನ್ನು ಅವಶ್ಯ ಗಮನಿಸಬೇಕು. ಚೆಲ್ಟೆನ್‌ಹ್ಯಾಮ್ ಮಹಿಳಾ ಕಾಲೇಜಿನಲ್ಲಿ ಡೊರೊಥಿಯಾ ಬೀಲ್ ಅವರ ಆಶ್ರಯದಲ್ಲಿ ವಿದ್ಯಾರ್ಥಿನಿಯೂ ಸಂಸ್ಕೃತದ ಅಧ್ಯಾಪಕಿಯೂ ಆಗಿದ್ದ ರಮಾಬಾಯಿ ತ್ರಿಯೇಕತ್ವ ಮೊದಲಾದ ಸಿದ್ಧಾಂತಗಳನ್ನು ಪ್ರಶ್ನಿಸಿದರು. ಸಸ್ಯಾಹಾರವನ್ನು ಬಿಡಲಿಲ್ಲ. ಶಿಲುಬೆಯ ಮೇಲೆ ತಮಗೆ ತಿಳಿಯದ ಲ್ಯಾಟಿನ್ ಬರಹದ ಬದಲು ಸಂಸ್ಕೃತ ಬರಹ ಏಕಿರಬಾರದೆಂದು ವಾದಿಸಿದರು. ಅವರು ಪುರುಷ ವಿದ್ಯಾರ್ಥಿಗಳಿಗೆ ಪಾಠ ಹೇಳುವುದನ್ನು ಚರ್ಚಿನ ಅಧಿಕಾರಿಗಳು ಆಕ್ಷೇಪಿಸಿದಾಗ, ತಮ್ಮ ದೇಶದಲ್ಲಿ ಪುರುಷರ ಸಭೆಗಳಲ್ಲಿ ಮಾತನಾಡಿದ ತಮಗೆ ಈ ನಿರ್ಬಂಧ ಒಪ್ಪಿಗೆಯಲ್ಲವೆಂಬುದನ್ನು ಸ್ಪಷ್ಟಪಡಿಸಿದರು. ಉಡುಪಿಯಲ್ಲಿ ತಂದೆ ಎದುರಿಸಿದ್ದ ಪ್ರಶ್ನೆಗೂ ಇಂಗ್ಲೆಂಡಿನಲ್ಲಿ ಮಗಳು ಎದುರಿಸಿದ ಪ್ರಶ್ನೆಗೂ ಇರುವ ಸಾಮ್ಯ ಗಮನಾರ್ಹ. ಧರ್ಮಗ್ರಂಥವನ್ನು ಓದಿ ಅರ್ಥೈಸುವ ಅಧಿಕಾರ ಯಾರದೆಂಬುದೇ ಎರಡೂ ಕಡೆಯ ವಿವಾದದ ತಿರುಳು. ಅವರು ಧರ್ಮವನ್ನು ಬದಲಿಸಿದರು. ಈ ಅಧಿಕಾರವನ್ನು ಮಾತ್ರ ಎರಡೂ ಧರ್ಮಗಳ ಗುರುಗಳಿಗೆ ಬಿಟ್ಟುಕೊಡಲಿಲ್ಲ.

೧೮೮೬ರಲ್ಲಿ, ವೈದ್ಯಪದವಿ ಪಡೆಯಲಿದ್ದ ಬಂಧು ಆನಂದಿಬಾಯಿ ಜೋಶಿಯವರ ಪದವಿ ಸಮಾರಂಭಕ್ಕಾಗಿ ಅವರು ಫಿಲಡೆಲ್ಫಿಯಾಕ್ಕೆ ಹೋದರು. ಅಲ್ಲಿ ೧೮೮೭ರಲ್ಲಿ ಪ್ರಕಟವಾದ ದಿ ಹೈ ಕಾಸ್ಟ್ ಹಿಂದೂ ವುಮನ್ ಕೃತಿಯನ್ನು ತಾಯಿಯ ನೆನಪಿಗೆ ಅರ್ಪಿಸಿದರು. ಅದೇ ವರ್ಷದ ಕೊನೆಯಲ್ಲಿ ಬಾಸ್ಟನ್ನಿನಲ್ಲಿ ರಮಾಬಾಯಿ ಸಂಘ ಸ್ಥಾಪನೆಯಾಗಿ, ಭಾರತದಲ್ಲಿ ಮತನಿರಪೇಕ್ಷವಾದ ವಿಧವಾಶಾಲೆಯೊಂದಕ್ಕೆ ಹತ್ತು ವರ್ಷಗಳ ನೆರವು ನೀಡುವ ವಾಗ್ದಾನ ಮಾಡಿತು.

೪. ಶಾರದಾ ಸದನದಿಂದ ಮುಕ್ತಿಗೆ

೧೮೮೯ರ ಮಾರ್ಚ್ ೧೧ರಂದು ಮುಂಬಯಿಯಲ್ಲಿ ಶಾರದಾ ಸದನ ಆರಂಭವಾಯಿತು. ಮರುವರ್ಷ ಪುಣೆಗೆ ಸ್ಥಳಾಂತರಗೊಂಡಿತು. ಆರಂಭದ ವಿದ್ಯಾರ್ಥಿನಿಯರಲ್ಲಿ ಬಾಲವಿಧವೆ ಗೋದುಬಾಯಿ ಒಬ್ಬರು. ಇಲ್ಲಿ ಜಾತಿಯ ಆಚಾರಗಳನ್ನು ಪಾಲಿಸಲು ಅವಕಾಶವಿತ್ತು, ಮತಬೋಧನೆ ಇರಲಿಲ್ಲ. ಆದರೆ ರಮಾಬಾಯಿಯವರು ತಮ್ಮ ಕೋಣೆಯ ಬಾಗಿಲು ತೆರೆದಿಟ್ಟು ಮಾಡುತ್ತಿದ್ದ ಪ್ರಾರ್ಥನೆಗೆ ಕೆಲವು ವಿದ್ಯಾರ್ಥಿನಿಯರು ಬರತೊಡಗಿದಾಗ ವಿವಾದ ಹುಟ್ಟಿತು. ತಿಲಕರ ಕೇಸರಿ ಪತ್ರಿಕೆ ಕಟುವಾಗಿ ಟೀಕಿಸಿತು. ೧೮೯೩ರಲ್ಲಿ ರಾನಡೆ, ಭಂಡಾರ್ಕರ್ ಅವರೂ ಸಲಹಾ ಮಂಡಳಿಯಿಂದ ಹೊರನಡೆದರು. ಅನೇಕ ಪೋಷಕರು ಹೆಣ್ಣುಮಕ್ಕಳನ್ನು ಹಿಂದಕ್ಕೆ ಕರೆದೊಯ್ದರು.

ಈ ಬಿಕ್ಕಟ್ಟನ್ನು ಒಂದೇ ಮಗ್ಗುಲಿನಿಂದ ನೋಡಲಾಗದು. ತನ್ನ ನಂಬಿಕೆಯನ್ನು ಮರೆಮಾಚದಿರುವ ಹಕ್ಕು ರಮಾಬಾಯಿಯವರಿಗೆ ಇತ್ತು. ಆದರೆ ಆಶ್ರಯದಾತೆಯ ನಂಬಿಕೆಯು ಆಶ್ರಿತರ ಮೇಲೆ ಬೀರುವ ಪ್ರಭಾವವು ಸಮಾನರ ನಡುವಣ ಪ್ರಭಾವದಂತಲ್ಲ ಎಂಬ ಸುಧಾರಕರ ಆತಂಕವನ್ನೂ ನಿರಾಧಾರವೆನ್ನಲಾಗದು. ಅದೇ ವರ್ಷ ಗೋದುಬಾಯಿಯವರು ಧೋಂಡೊ ಕೇಶವ ಕರ್ವೆಯವರನ್ನು ವಿವಾಹವಾದರು. ಹಿಂದೂ ಸಮಾಜದ ಒಳಗೇ ವಿಧವಾ ಶಿಕ್ಷಣವನ್ನು ಬೆಳೆಸಿದ ಕರ್ವೆಯವರ ದಾರಿಗೂ ಶಾರದಾ ಸದನಕ್ಕೂ ಇರುವ ಈ ಕೊಂಡಿ, ಸಂಸ್ಥೆಯ ಪರಿಣಾಮವನ್ನು ಮತಾಂತರದ ಲೆಕ್ಕದಿಂದಷ್ಟೇ ಅಳೆಯಬಾರದೆಂಬುದನ್ನು ತೋರಿಸುತ್ತದೆ.

ನಿರ್ಣಾಯಕ ಪಲ್ಲಟ ಬಂದದ್ದು ೧೮೯೬-೯೭ರ ಕ್ಷಾಮದಲ್ಲಿ. ಮಧ್ಯಪ್ರಾಂತ್ಯಕ್ಕೆ ತೆರಳಿದ ರಮಾಬಾಯಿ ಹಸಿವಿನಿಂದ ಕಂಗೆಟ್ಟ ನೂರಾರು ಹೆಣ್ಣುಮಕ್ಕಳನ್ನು ಕರೆತಂದರು. ಪುಣೆಯಲ್ಲಿ ಪ್ಲೇಗ್ ನಿರ್ಬಂಧಗಳಿದ್ದುದರಿಂದ ಕೇಡಗಾಂವ್‌ನಲ್ಲಿ ಮೊದಲೇ ಕೊಂಡಿದ್ದ ಜಮೀನಿನಲ್ಲಿ ಅವರಿಗೆ ನೆಲೆ ಕಲ್ಪಿಸಲಾಯಿತು. ಮುಕ್ತಿ ಸದನ ರೂಪುಗೊಂಡದ್ದು ಹೀಗೆ. ಪ್ಲೇಗ್ ಆಸ್ಪತ್ರೆಗಳಲ್ಲಿ ಮಹಿಳೆಯರಿಗೆ ರಕ್ಷಣೆಯಿಲ್ಲವೆಂದು ಅವರು ಸರ್ಕಾರವನ್ನು ಪತ್ರಿಕೆಯಲ್ಲಿ ಬಹಿರಂಗವಾಗಿ ಟೀಕಿಸಿದ್ದೂ ಇದೇ ವರ್ಷ. ಕ್ರೈಸ್ತಧರ್ಮದ ಸ್ವೀಕಾರವು ವಸಾಹತು ಪ್ರಭುತ್ವದ ಸ್ವೀಕಾರವಾಗಿರಲಿಲ್ಲ ಎಂಬುದಕ್ಕೆ ಇದು ನಿದರ್ಶನ.

ಶಾರದಾ ಸದನವು ಮೇಲ್ಜಾತಿಯ ವಿಧವೆಯರಿಗಾಗಿ ಕಲ್ಪಿತವಾದ ಸಂಸ್ಥೆ. ಮುಕ್ತಿಗೆ ಬಂದವರಾದರೋ ಬೇರೆಬೇರೆ ಜಾತಿಗಳ, ಬಹುತೇಕ ನಿರಕ್ಷರಿಗಳಾದ ಗ್ರಾಮೀಣ ಹೆಣ್ಣುಮಕ್ಕಳು. ೧೯೦೦ರ ಗುಜರಾತಿನ ಕ್ಷಾಮದ ಬಳಿಕ ನಿವಾಸಿಗಳ ಸಂಖ್ಯೆ ಸುಮಾರು ಎರಡು ಸಾವಿರದ ಹತ್ತಿರಕ್ಕೆ ಬಂದಿತು. ಬೇಸಾಯ, ಹೈನುಗಾರಿಕೆ, ನೇಯ್ಗೆ, ಎಣ್ಣೆಗಾಣ, ಹೊಲಿಗೆ, ಮುದ್ರಣ ಕೆಲಸಗಳನ್ನು ಮಹಿಳೆಯರೇ ನಿರ್ವಹಿಸಿದರು. ಲೈಂಗಿಕ ಶೋಷಣೆಗೆ ಒಳಗಾದವರಿಗಾಗಿ ಕೃಪಾ ಸದನವಿತ್ತು. ಅಂಧರಿಗೆ ಬ್ರೈಲ್ ಕಲಿಸುವ ವ್ಯವಸ್ಥೆಯಿತ್ತು. ಕ್ಷಾಮದಲ್ಲಿ ತನ್ನವರನ್ನು ಕಳೆದುಕೊಂಡ ಹುಡುಗಿಯು ಎರಡು ದಶಕಗಳ ನಂತರ ಮತ್ತೊಂದು ಕ್ಷಾಮದ ಅನಾಥರೊಡನೆ ಕಟ್ಟಿದ ಈ ಊರಿನಲ್ಲಿ ಅಂದು ಅಡ್ಡಬಂದಿದ್ದ ಜಾತಿಗೂ ದುಡಿಮೆಯ ಬಗೆಗಿನ ಸಂಕೋಚಕ್ಕೂ ಸ್ಥಾನವಿರಲಿಲ್ಲ. ಅದೇ ಹೊತ್ತಿಗೆ ಇಲ್ಲಿ ಶಾರದಾ ಸದನದ ಮತನಿರಪೇಕ್ಷತೆಯೂ ಉಳಿಯಲಿಲ್ಲ. ಮುಕ್ತಿಯು ಘೋಷಿತ ಕ್ರೈಸ್ತ ಸಂಸ್ಥೆಯಾಗಿತ್ತು. ಈ ಗಳಿಕೆ ಮತ್ತು ನಷ್ಟಗಳೆರಡನ್ನೂ ಒಟ್ಟಿಗೆ ನೋಡಬೇಕಾಗುತ್ತದೆ.

೫. ಕೊನೆಯ ವರ್ಷಗಳು

ಬದುಕಿನ ಕೊನೆಯ ಹಲವು ವರ್ಷಗಳನ್ನು ರಮಾಬಾಯಿಯವರು ಬೈಬಲ್ಲಿನ ಮರಾಠಿ ಅನುವಾದಕ್ಕೆ ಮೀಸಲಿಟ್ಟರು. ಅದಕ್ಕಾಗಿ ಹೀಬ್ರೂ ಮತ್ತು ಗ್ರೀಕ್ ಭಾಷೆಗಳನ್ನು ಕಲಿತರು. ಸಂಸ್ಕೃತದ ಪಂಡಿತೆಯೆಂದೇ ಖ್ಯಾತರಾದವರು ಸಂಸ್ಕೃತಭೂಯಿಷ್ಠ ಶೈಲಿಯನ್ನು ಬದಿಗಿಟ್ಟು, ಅಲ್ಪಸ್ವಲ್ಪ ಓದುಬಲ್ಲ ಹೆಂಗಸಿಗೂ ತಿಳಿಯುವಂಥ ಸರಳ ಮರಾಠಿಯನ್ನು ಆಯ್ದುಕೊಂಡರು. ಅಚ್ಚುಮೊಳೆ ಜೋಡಿಸಿದವರು, ಮುದ್ರಿಸಿದವರು ಮುಕ್ತಿಯ ಮಹಿಳೆಯರೇ. ಶಾಸ್ತ್ರಗ್ರಂಥವನ್ನು ಓದುವ ಹಕ್ಕಿಗಾಗಿ ಮಾಳದಲ್ಲಿ ಆರಂಭವಾದ ಜಗಳವು ಕೇಡಗಾಂವ್‌ನ ಮುದ್ರಣಾಲಯದಲ್ಲಿ ಶಾಸ್ತ್ರಗ್ರಂಥವನ್ನು ಅಚ್ಚು ಹಾಕುವ ಕೆಲಸವಾಗಿ ಮಾರ್ಪಟ್ಟಿತು.

ಕನ್ನಡ ನಾಡಿನೊಂದಿಗಿನ ಸಂಬಂಧವೂ ಹುಟ್ಟಿನೊಂದಿಗೆ ಮುಗಿಯಲಿಲ್ಲ. ಅಂದು ನಿಜಾಮರ ಆಳ್ವಿಕೆಯಲ್ಲಿದ್ದ ಗುಲಬರ್ಗಾದಲ್ಲಿ ೧೯೧೨ರಲ್ಲಿ ಮನೋರಮಾ ಅವರ ನೆರವಿನಿಂದ ಶಾಲೆಯೊಂದನ್ನು ತೆರೆಯಲಾಯಿತು. ತಾಯಿಯ ಉತ್ತರಾಧಿಕಾರಿಯೆಂದೇ ಭಾವಿಸಲಾಗಿದ್ದ ಮನೋರಮಾ ೧೯೨೧ರ ಜುಲೈನಲ್ಲಿ ತೀರಿಕೊಂಡರು. ಅನುವಾದದ ಕೊನೆಯ ಕರಡುಗಳನ್ನು ತಿದ್ದಿ ಮುಗಿಸಿದ ರಮಾಬಾಯಿ ೧೯೨೨ರ ಏಪ್ರಿಲ್ ೫ರಂದು ನಿಧನರಾದರು. ಸಂಪೂರ್ಣ ಗ್ರಂಥ ಹೊರಬಂದದ್ದು ಎರಡು ವರ್ಷಗಳ ಅನಂತರ.

ರಮಾಬಾಯಿಯವರ ಮುಖ್ಯ ಕೃತಿಗಳು ಮರಾಠಿ ಮತ್ತು ಇಂಗ್ಲಿಷಿನಲ್ಲಿವೆ. ಹೀಗಾಗಿ ಮಹಾರಾಷ್ಟ್ರದ ಸುಧಾರಣಾ ಚರಿತ್ರೆಯ ಭಾಗವಾಗಿಯೇ ಅವರನ್ನು ಓದುವುದು ರೂಢಿ. ಆದರೆ ಹೆಣ್ಣಿನ ಅಕ್ಷರದ ಪ್ರಶ್ನೆ ಅವರ ಮನೆತನಕ್ಕೆ ಮೊದಲು ಎದುರಾದದ್ದು ಕರಾವಳಿಯ ಊರೊಂದರಲ್ಲಿ. ಅದಕ್ಕೆ ಮೊದಲ ಉತ್ತರ ದೊರೆತದ್ದು ಮಲೆನಾಡಿನ ಕಾಡಿನಲ್ಲಿ, ಲಕ್ಷ್ಮೀಬಾಯಿಯ ಓದಿನಲ್ಲಿ. ಕರ್ನಾಟಕದ ಸ್ತ್ರೀಶಿಕ್ಷಣದ ಚರಿತ್ರೆಯನ್ನು ಮಿಶನರಿ ಶಾಲೆಗಳಿಂದ ಮತ್ತು ಮೈಸೂರು ಸಂಸ್ಥಾನದ ಪ್ರಯತ್ನಗಳಿಂದ ಆರಂಭಿಸುವಾಗ, ಅವುಗಳ ಪಕ್ಕದಲ್ಲಿ ಮಾಳ, ಗಂಗಾಮೂಲ ಮತ್ತು ಗುಲಬರ್ಗಾಗಳನ್ನೂ ಇಟ್ಟು ನೋಡಬೇಕಾದ ಅಗತ್ಯವಿದೆ.