ಬ್ರೇಕ್ ಆಯಿಲ್ ಮತ್ತು ಬ್ಲೇಸ್ ಪಾಸ್ಕಲ್



ಪಂಜದಿಂದ ಸುಬ್ರಹ್ಮಣ್ಯದ ಕಡೆಗೆ ಕಾರಿನಲ್ಲೋ ಜೀಪಿನಲ್ಲೋ ಹೋಗಿದ್ದೀರಾ? ಏರು, ಇಳಿಜಾರು, ತಿರುವು ಒಂದರ ಹಿಂದೆ ಒಂದು ಬರುತ್ತವೆ. ಇಳಿಜಾರಿನಲ್ಲಿ ಚಾಲಕರು ಪಾದದಿಂದ ಪೆಡಲನ್ನು ಮೆಲ್ಲನೆ ಒತ್ತುತ್ತಾರೆ. ಅಷ್ಟು ಭಾರದ ವಾಹನ ನಿಧಾನವಾಗುತ್ತದೆ. ಪೆಡಲಿನ ಒತ್ತಡವನ್ನು ಚಕ್ರಕ್ಕೆ ಮುಟ್ಟಿಸುವುದು ಸಣ್ಣ ಕೊಳವೆಯಲ್ಲಿ ತುಂಬಿದ ದ್ರವ. ಅದೇ ಬ್ರೇಕ್ ಆಯಿಲ್.

ಅಂಗಳದಲ್ಲಿ ನಿಂತ ಕಾರಿನ ಚಕ್ರದ ಒಳಬದಿಯಲ್ಲಿ ಈ ಆಯಿಲ್ ಒಸರಿದ್ದು ಕಂಡರೆ ತಿಳಿದವರು ಆ ಕಾರನ್ನು ರಸ್ತೆಗೆ ಇಳಿಸುವುದಿಲ್ಲ. ಸ್ವಲ್ಪ ಆಯಿಲ್ ಸೋರಿದರೆ ಇಷ್ಟು ಭಯವೇಕೆ? ಇದರ ಉತ್ತರ, ಕಾರುಗಳೇ ಇಲ್ಲದ ಕಾಲದಲ್ಲಿ ಬಾಳಿದ ಒಬ್ಬ ವಿಜ್ಞಾನಿಯ ಕೆಲಸದಲ್ಲಿದೆ. ಅವನೇ ಬ್ಲೇಸ್ ಪಾಸ್ಕಲ್.

ಬಾಲ್ಯ

ಪಾಸ್ಕಲ್ 1623ರ ಜೂನ್ 19ರಂದು ಫ್ರಾನ್ಸ್ ದೇಶದ ಕ್ಲೆರ್ಮಾಂಟ್ ಎಂಬ ಊರಿನಲ್ಲಿ ಜನಿಸಿದನು. ಮೂರು ವರ್ಷದವನಿದ್ದಾಗ ತಾಯಿ ತೀರಿಕೊಂಡಳು. ಅಕ್ಕ ಜಿಲ್ಬರ್ಟ್ ಮತ್ತು ತಂಗಿ ಜಾಕ್ವೆಲಿನ್ ಜೊತೆ ಅವನು ತಂದೆಯ ಆರೈಕೆಯಲ್ಲಿ ಬೆಳೆದನು. ಮೊದಲು ಭಾಷೆಗಳನ್ನು ಕಲಿಯಲಿ, ಗಣಿತ ಆಮೇಲೆ ಎಂದು ತಂದೆ ನಿರ್ಧರಿಸಿದ್ದನು. ಆದರೆ ಹುಡುಗ ಗುಟ್ಟಾಗಿ ನೆಲದ ಮೇಲೆ ಆಕೃತಿಗಳನ್ನು ಬರೆಯುತ್ತಾ ರೇಖಾಗಣಿತವನ್ನು ತಾನೇ ಕಲಿಯತೊಡಗಿದನು. ಅದನ್ನು ಕಂಡ ತಂದೆ ಮನಸ್ಸು ಬದಲಿಸಿ ಪುಸ್ತಕ ಕೊಟ್ಟನು.

ತಂದೆ ತೆರಿಗೆ ಅಧಿಕಾರಿ. ರಾತ್ರಿಯವರೆಗೂ ಲೆಕ್ಕದಲ್ಲಿ ಮುಳುಗಿರುತ್ತಿದ್ದನು. ಅವನ ಶ್ರಮ ಕಡಿಮೆ ಮಾಡಲು ಪಾಸ್ಕಲ್ 1642ರಲ್ಲಿ ಹಲ್ಲಿನ ಚಕ್ರಗಳಿಂದ ಕೂಡುವ, ಕಳೆಯುವ ಯಂತ್ರ ರಚಿಸಲು ತೊಡಗಿದನು. ಅದು ಸರಿಯಾಗುವಷ್ಟರಲ್ಲಿ ಸುಮಾರು 50 ಮಾದರಿಗಳನ್ನು ಮಾಡಿದ್ದನು!

ಬೆಟ್ಟದ ಮೇಲೆ ಪಾದರಸ

ಗಾಳಿಗೂ ಭಾರವಿದೆಯೇ? ಆಗಿನ ವಿದ್ವಾಂಸರಲ್ಲಿ ಇದು ದೊಡ್ಡ ವಾದದ ವಿಷಯ. ಪಾಸ್ಕಲ್ ವಾದಕ್ಕಿಂತ ಪ್ರಯೋಗವನ್ನು ನಂಬಿದನು. ಗಾಳಿಗೆ ಭಾರವಿದ್ದರೆ ಬೆಟ್ಟದ ತುದಿಯಲ್ಲಿ ಅದರ ಒತ್ತಡ ಕಡಿಮೆ ಇರಬೇಕಲ್ಲವೇ? ಅನಾರೋಗ್ಯದಿಂದ ಬಳಲುತ್ತಿದ್ದ ಅವನು ಪ್ಯಾರಿಸ್ಸಿನಿಂದ ತನ್ನ ಅಕ್ಕನ ಗಂಡನಿಗೆ ಪತ್ರ ಬರೆದು ಪ್ರಯೋಗ ಮಾಡಲು ಕೇಳಿಕೊಂಡನು. 1648ರ ಸೆಪ್ಟೆಂಬರ್ 19ರಂದು ಭಾವ ಪೆರಿಯೆ, ಪಾದರಸ ಮತ್ತು ಗಾಜಿನ ಕೊಳವೆಯೊಂದಿಗೆ ಪ್ಯೂಯ್ ದ ಡೋಮ್ ಬೆಟ್ಟ ಏರಿದನು. ತುದಿಯಲ್ಲಿ ಪಾದರಸದ ಮಟ್ಟ 8 ಸೆಂಟಿಮೀಟರಿಗಿಂತಲೂ ಹೆಚ್ಚು ಇಳಿದಿತ್ತು. ಬೆಟ್ಟದ ಕೆಳಗೆ ಇಟ್ಟಿದ್ದ ಇನ್ನೊಂದು ಕೊಳವೆಯನ್ನು ಒಬ್ಬರು ದಿನವಿಡೀ ನೋಡುತ್ತಿದ್ದರು. ಅದರಲ್ಲಿ ಬದಲಾವಣೆ ಇರಲಿಲ್ಲ. ಹೋಲಿಸಿ ನೋಡಲು ಹೀಗೆ ಇನ್ನೊಂದನ್ನು ಇಡುವುದು ಒಳ್ಳೆಯ ಪ್ರಯೋಗದ ಲಕ್ಷಣ.

ಪಾಸ್ಕಲ್ ನಿಯಮ

ಅನಂತರ ಪಾಸ್ಕಲ್ ದ್ರವಗಳ ಕಡೆಗೆ ಗಮನ ಹರಿಸಿದನು. ಮುಚ್ಚಿದ ಪಾತ್ರೆಯ ದ್ರವವನ್ನು ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆ. ಇದೇ ಪಾಸ್ಕಲ್ ನಿಯಮ. ಇದರಿಂದ ಒಂದು ಲಾಭವುಂಟು. ಚಿಕ್ಕ ಪಿಸ್ಟನ್ನಿಗಿಂತ ನೂರು ಪಟ್ಟು ವಿಸ್ತೀರ್ಣದ ಪಿಸ್ಟನ್ ಇನ್ನೊಂದು ತುದಿಯಲ್ಲಿದ್ದರೆ ಅಲ್ಲಿ ನೂರು ಪಟ್ಟು ಬಲ ದೊರೆಯುತ್ತದೆ. ಆದರೆ ಅದು ಚಲಿಸುವ ದೂರ ನೂರರಲ್ಲಿ ಒಂದು ಪಾಲು ಮಾತ್ರ. 1921ರಲ್ಲಿ ಅಮೆರಿಕದ ಡ್ಯೂಸೆನ್‌ಬರ್ಗ್ ಕಾರು ಈ ನಿಯಮದಿಂದ ಕೆಲಸ ಮಾಡುವ ಬ್ರೇಕನ್ನು ನಾಲ್ಕೂ ಚಕ್ರಗಳಿಗೆ ಅಳವಡಿಸಿಕೊಂಡು ಬಂದಿತು.

ಈಗ ಸೋರುವ ಕಾರಿಗೆ ಬರೋಣ. ಚಕ್ರದ ಜೊತೆ ತಿರುಗುವ ಲೋಹದ ತಟ್ಟೆಯನ್ನು ಇಕ್ಕಳದಂತೆ ಹಿಡಿಯುವ ಭಾಗವೇ ಕ್ಯಾಲಿಪರ್. ಅದರೊಳಗೆ ಪಿಸ್ಟನ್, ಪಿಸ್ಟನ್ನಿನ ಸುತ್ತ ರಬ್ಬರಿನ ಸೀಲ್ ಇವೆ. ರಬ್ಬರ್ ಹಳತಾದರೆ ಅಥವಾ ಪಿಸ್ಟನ್ ತುಕ್ಕು ಹಿಡಿದರೆ ಆಯಿಲ್ ಸೋರುತ್ತದೆ. ಸೋರಿದಾಗ ಒತ್ತಡ ನಿಲ್ಲುವುದಿಲ್ಲ. ಆಯಿಲ್ ಕಡಿಮೆಯಾದಂತೆ ಒಳಗೆ ಗಾಳಿ ಸೇರುತ್ತದೆ. ದ್ರವ ಅದುಮಿದರೆ ಕುಗ್ಗದು, ಗಾಳಿ ಕುಗ್ಗುತ್ತದೆ. ಆಗ ಪೆಡಲ್ ಮೆತ್ತಗೆ ಕೆಳಗೆ ಹೋಗುತ್ತದೆ, ಚಕ್ರ ನಿಲ್ಲುವುದಿಲ್ಲ. ಅಡಿಕೆಗೆ ಮದ್ದು ಬಿಡುವಾಗ ಪೈಪು ಒಡೆದರೆ ಮದ್ದು ಗೊನೆಯವರೆಗೆ ಹಾರದಿರುವುದನ್ನು ನೀವು ನೋಡಿರಬಹುದು. ಅಲ್ಲಿಯೂ ಒತ್ತಡ ಸೋರಿಹೋಗಿರುತ್ತದೆ.

ಮನೆಯಂಗಳದಲ್ಲೇ ರಿಪೇರಿ ಮಾಡಬಲ್ಲವರು ಮೊದಲು ಕಾರನ್ನು ಸಮತಟ್ಟಾದ ನೆಲದಲ್ಲಿ ಭದ್ರವಾದ ಸ್ಟ್ಯಾಂಡಿನ ಮೇಲೆ ನಿಲ್ಲಿಸುತ್ತಾರೆ. ಪಿಸ್ಟನ್ ಹೊರತೆಗೆದು, ಒರೆಸಿ, ಹೊಸ ಸೀಲ್ ಹಾಕುತ್ತಾರೆ. ಪಿಸ್ಟನ್ ತುಕ್ಕು ತಿಂದಿದ್ದರೆ ಅದನ್ನೂ ಬದಲಿಸುತ್ತಾರೆ. ಎಂಜಿನ್ ಆಯಿಲ್ ಮುಟ್ಟಿಸುವುದಿಲ್ಲ, ಅದು ಈ ರಬ್ಬರನ್ನು ಉಬ್ಬಿಸಿ ಕೆಡಿಸುತ್ತದೆ. ಕೊನೆಗೆ ಒಬ್ಬರು ಪೆಡಲ್ ಒತ್ತಿ ಹಿಡಿಯುತ್ತಾರೆ, ಇನ್ನೊಬ್ಬರು ಕ್ಯಾಲಿಪರಿನ ಸಣ್ಣ ನಿಪ್ಪಲ್ ಸಡಿಲಿಸಿ ಗಾಳಿಯ ಗುಳ್ಳೆಗಳನ್ನು ಹೊರಬಿಡುತ್ತಾರೆ. ಪೆಡಲ್ ಬಿಡುವ ಮೊದಲೇ ನಿಪ್ಪಲ್ ಬಿಗಿಯುತ್ತಾರೆ. ಒಂದು ಗುಳ್ಳೆಯೂ ಬಾರದವರೆಗೆ ಇದು ನಡೆಯಬೇಕು. ನೀವು ಇದನ್ನು ದೂರದಿಂದ ನೋಡಿ, ಕೈ ಹಾಕಬೇಡಿ.

ಕೊನೆಯ ದಿನಗಳು

ಪಾಸ್ಕಲ್ ಜೀವನದ ಬಹುಭಾಗ ಕಾಯಿಲೆಯಲ್ಲೇ ಕಳೆಯಿತು. ಆದರೂ 1662ರ ಮಾರ್ಚ್‌ನಲ್ಲಿ ಅವನ ಯೋಜನೆಯಂತೆ ಪ್ಯಾರಿಸ್ಸಿನಲ್ಲಿ ನಿಗದಿತ ದಾರಿಯಲ್ಲಿ, ನಿಗದಿತ ದರಕ್ಕೆ ಓಡುವ ಕುದುರೆಗಾಡಿಗಳು ಆರಂಭವಾದವು. ಇಂದಿನ ಸಿಟಿ ಬಸ್ಸುಗಳಿಗೆ ಅದೇ ಮುನ್ನುಡಿ. ಅದೇ ವರ್ಷ ಆಗಸ್ಟ್ 19ರಂದು, 39ನೆಯ ವಯಸ್ಸಿನಲ್ಲಿ ಅವನು ತೀರಿಕೊಂಡನು. ದ್ರವಗಳ ಬಗ್ಗೆ ಅವನು ಬರೆದ ಪುಸ್ತಕ ಅಚ್ಚಾದದ್ದು ಮರುವರ್ಷ. 1971ರಲ್ಲಿ ಒತ್ತಡದ ಅಂತರರಾಷ್ಟ್ರೀಯ ಮಾನಕ್ಕೆ ಪಾಸ್ಕಲ್ ಎಂದು ಹೆಸರಿಡಲಾಯಿತು.

ಮಾಡಿ ನೋಡಿ

ಸೂಜಿಯಿಲ್ಲದ, ಬಳಸದ ಎರಡು ಸಿರಿಂಜುಗಳನ್ನು ತೆಳು ಪ್ಲಾಸ್ಟಿಕ್ ಕೊಳವೆಯಿಂದ ಜೋಡಿಸಿ. ಒಂದು ಚಿಕ್ಕದು, ಒಂದು ದೊಡ್ಡದು ಇರಲಿ. ಗುಳ್ಳೆ ಉಳಿಯದಂತೆ ನೀರು ತುಂಬಿ. ನೀವು ಚಿಕ್ಕದನ್ನು ಒತ್ತಿ, ಗೆಳೆಯ ದೊಡ್ಡದನ್ನು ತಡೆದು ಹಿಡಿಯಲಿ. ಯಾರು ಗೆದ್ದರು? ಈಗ ಕೊಳವೆಯಲ್ಲಿ ಸ್ವಲ್ಪ ಗಾಳಿ ಬಿಟ್ಟು ಪುನಃ ಒತ್ತಿ. ಏನು ವ್ಯತ್ಯಾಸ ಕಂಡಿತು? ನಿಮ್ಮ ಪುಸ್ತಕದಲ್ಲಿ ಬರೆದು ಶಿಕ್ಷಕರಿಗೆ ತೋರಿಸಿ.