ಚುಕ್ಕಿಗಳ ಲೆಕ್ಕ ಕೊಟ್ಟ ಗಿಲ್ಬರ್ಟ್ ಲೂಯಿಸ್

ಸೈನ್ಸ್ ವಿಭಾಗದ ಗೆಳೆಯರು ನೋಟ್ಸಿನಲ್ಲಿ ಹಾಕುವ ಇಲೆಕ್ಟ್ರಾನ್ ಚುಕ್ಕಿಗಳ ಹಿಂದೆ ಒಬ್ಬ ಮನುಷ್ಯ ಇದ್ದಾರೆ. ಅವರೇ ಗಿಲ್ಬರ್ಟ್ ನ್ಯೂಟನ್ ಲೂಯಿಸ್. ನಾನು ಕಾಮರ್ಸ್ ವಿದ್ಯಾರ್ಥಿಯಾದರೂ ಅವರ ಬಗ್ಗೆ ಬರೆಯಲು ಕಾರಣವಿದೆ, ಮುಂದೆ ಹೇಳುತ್ತೇನೆ.

ಲೂಯಿಸ್ ಹುಟ್ಟಿದ್ದು 1875ರ ಅಕ್ಟೋಬರ್ 23ರಂದು, ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ. ಬಾಲ್ಯದಲ್ಲಿ ಹೆಚ್ಚಾಗಿ ಮನೆಯಲ್ಲೇ ಪಾಠ ಕಲಿತರು. 1899ರಲ್ಲಿ ಹಾರ್ವರ್ಡಿನಲ್ಲಿ ಡಾಕ್ಟರೇಟ್ ಪಡೆದರು. 1902ರಲ್ಲಿ ಪಾಠ ಮಾಡುವಾಗ ಪರಮಾಣುವನ್ನು ಒಂದು ಘನಾಕೃತಿಯಂತೆ ಬರೆದು, ಅದರ ಮೂಲೆಗಳಲ್ಲಿ ಇಲೆಕ್ಟ್ರಾನ್ ಇಟ್ಟು ತೋರಿಸಿದರು. ಆ ಯೋಚನೆ ಬೆಳೆದು ಅಚ್ಚಾದದ್ದು 14 ವರ್ಷಗಳ ನಂತರ, 1916ರಲ್ಲಿ. ಎರಡು ಪರಮಾಣುಗಳು ಒಂದು ಜೋಡಿ ಇಲೆಕ್ಟ್ರಾನನ್ನು ಹಂಚಿಕೊಂಡರೆ ಅದೇ ಬಂಧ ಎಂದು ಅವರು ವಿವರಿಸಿದರು.

ಫಸ್ಟ್ ಪಿಯುಸಿ ಓದುವ ನನ್ನ ತಂಗಿ ಈ ಪಾಠಕ್ಕೆ ಹೆದರಿ, ಸೈನ್ಸ್ ಬಿಡುತ್ತೇನೆಂದು ಹಟ ಹಿಡಿದಿದ್ದಳು. ಅಮ್ಮಿಗೆ ನಿದ್ದೆ ಇರಲಿಲ್ಲ. ಪುಸ್ತಕ ತೆಗೆದು ನೋಡಿದರೆ ಅದು ನಮ್ಮ ಅಕೌಂಟೆನ್ಸಿಯ ಹಾಗೇ ಇತ್ತು. ಅರಕಲಗೂಡಿನ ಕಡೆ ರೈತರಿಗೆ ಗೊತ್ತಿರುವ ಅಮೋನಿಯಂ ಸಲ್ಫೇಟ್ ಗೊಬ್ಬರವನ್ನೇ ತೆಗೆದುಕೊಂಡು ಅವಳಿಗೆ ಲೆಕ್ಕ ಬರೆದು ತೋರಿಸಿದೆ.

ಅಮೋನಿಯಂ ಅಯಾನಿನಲ್ಲಿ ನೈಟ್ರೋಜನ್‌ನ 5, ನಾಲ್ಕು ಹೈಡ್ರೋಜನ್‌ಗಳ 4, ಒಟ್ಟು 9 ಹೊರಕವಚದ ಇಲೆಕ್ಟ್ರಾನ್. ಒಂದು ಧನ ಆವೇಶ ಎಂದರೆ ಒಂದು ಇಲೆಕ್ಟ್ರಾನ್ ಖರ್ಚಾಗಿದೆ. ಉಳಿದದ್ದು 8, ಅಂದರೆ ನಾಲ್ಕು ಬಂಧ. ಸಲ್ಫೇಟಿನಲ್ಲಿ ಸಲ್ಫರ್‌ನ 6, ನಾಲ್ಕು ಆಕ್ಸಿಜನ್‌ಗಳ 24. ಎರಡು ಋಣ ಆವೇಶ ಎಂದರೆ 2 ಜಮೆ. ಒಟ್ಟು 32. ಲೂಯಿಸ್ ತೋರಿಸಿದ ರೀತಿಯಲ್ಲಿ ನಾಲ್ಕು ಬಂಧಕ್ಕೆ 8 ಹೋದರೆ, ಉಳಿದ 24 ಪ್ರತಿ ಆಕ್ಸಿಜನ್‌ಗೆ ಆರರಂತೆ ಸರಿಹೋಗುತ್ತದೆ. ಕೊನೆಗೆ ಚೌಕ ಆವರಣ ಹಾಕಿ, ಆವೇಶವನ್ನು ಹೊರಗೆ ಮೇಲೆ ಬರೆಯಬೇಕು. ಎರಡು ಅಮೋನಿಯಂಗೆ ಒಂದು ಸಲ್ಫೇಟ್ ಸೇರಿದರೆ ಆವೇಶ ಟ್ಯಾಲಿ. ತಂಗಿ ನೈಟ್ರೇಟಿನ 24 ಚುಕ್ಕಿಗಳನ್ನು ತಾನೇ ಹಾಕಿದಳು. ವಿಭಾಗ ಬದಲಿಸುವ ಅರ್ಜಿ ಹಾಗೇ ಉಳಿಯಿತು.

ಲೂಯಿಸ್ 1912ರಿಂದ ಕೊನೆಯವರೆಗೂ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿದ್ದರು. 1923ರಲ್ಲಿ ಬಂಧಗಳ ಬಗ್ಗೆ ಪುಸ್ತಕ ಬರೆದರು. 1926ರಲ್ಲಿ ಫೋಟಾನ್ ಎಂಬ ಪದ ಬಳಕೆಗೆ ತಂದರು. 1933ರಲ್ಲಿ ಶುದ್ಧ ಭಾರಜಲವನ್ನು ಬೇರ್ಪಡಿಸಿದರು. ಅವರ ಬಂಧದ ವಿಚಾರವನ್ನು ಊರೂರಿಗೆ ಹೇಳಿ ಪ್ರಚಾರ ಮಾಡಿದ ಇರ್ವಿಂಗ್ ಲ್ಯಾಂಗ್‌ಮ್ಯೂರ್‌ಗೆ ಬೇರೆ ಕೆಲಸಕ್ಕಾಗಿ 1932ರಲ್ಲಿ ನೊಬೆಲ್ ಬಂತು. ಲೂಯಿಸ್ ಅವರ ಕೈಕೆಳಗೆ ಓದಿದ ಹೆರಾಲ್ಡ್ ಯೂರಿಗೆ 1934ರಲ್ಲಿ ಬಂತು. ಲೂಯಿಸ್ ಹೆಸರು 41 ಸಲ ಶಿಫಾರಸಾದರೂ ಬಹುಮಾನ ಬರಲೇ ಇಲ್ಲ.

ಆದರೂ ಅವರು ಲ್ಯಾಬಿಗೆ ಹೋಗುವುದನ್ನು ನಿಲ್ಲಿಸಲಿಲ್ಲ. 1946ರ ಮಾರ್ಚ್ 23ರಂದು, 70ನೇ ವಯಸ್ಸಿನಲ್ಲಿ, ಪ್ರಯೋಗಾಲಯದಲ್ಲೇ ತೀರಿಕೊಂಡರು. ರ‍್ಯಾಂಕ್ ಬರಲಿಲ್ಲವೆಂದು ಓದು ಬಿಡುವ ಯೋಚನೆ ಮಾಡುವವರು ಇವರ ಜೀವನವನ್ನು ಒಮ್ಮೆ ಓದಬೇಕು.