ಏಲಾಕುರಿಚ್ಚಿಯಲ್ಲಿ ತಮಿಳರಾದ ಇಟಲಿಯವರು

ಊರಿನಿಂದ ನೆಂಟರು ಬಂದರೆ ಚೆನ್ನೈನಲ್ಲಿರುವ ನಾವು ಮೊದಲು ಕರೆದುಕೊಂಡು ಹೋಗುವುದು ಮರೀನಾ ಕಡಲತೀರಕ್ಕೆ. ಅಲ್ಲಿ ತಿರುವಳ್ಳುವರ್, ಅವ್ವೈಯಾರ್, ಭಾರತಿಯಾರ್ ಪ್ರತಿಮೆಗಳ ಸಾಲಿನಲ್ಲಿ ವೀರಮಾಮುನಿವರ್ ಎಂಬ ಹೆಸರಿನದೂ ಒಂದಿದೆ. 1968ರಲ್ಲಿ ವಿಶ್ವ ತಮಿಳು ಸಮ್ಮೇಳನ ನಡೆದಾಗ ನಿಲ್ಲಿಸಿದ್ದು. ಹೆಸರು ಕೇಳಿದವರು ಹಳೆಯ ಕಾಲದ ಯಾರೋ ತಮಿಳು ಋಷಿ ಇರಬೇಕು ಎಂದುಕೊಳ್ಳುತ್ತಾರೆ. ಇಟಲಿಯಿಂದ ಬಂದ ಪಾದ್ರಿ ಎಂದರೆ ನಂಬುವುದಿಲ್ಲ.

ಅವರ ಹುಟ್ಟುಹೆಸರು ಕಾನ್‌ಸ್ಟಾಂಜೊ ಜೋಸೆಫ್ ಬೆಸ್ಕಿ. 1680ರ ನವೆಂಬರ್‌ನಲ್ಲಿ ಉತ್ತರ ಇಟಲಿಯ ಕಾಸ್ತಿಲ್ಯೋನೆ ಎಂಬ ಊರಲ್ಲಿ ಹುಟ್ಟಿದವರು. ಹದಿನೆಂಟಕ್ಕೆ ಯೇಸುಸಭೆ ಸೇರಿ, ಗುರುದೀಕ್ಷೆ ಪಡೆದು, 1710ರಲ್ಲಿ ಲಿಸ್ಬನ್‌ನಿಂದ ಹಡಗು ಹತ್ತಿ ಗೋವಾಕ್ಕೆ ಬಂದರು. ಅಲ್ಲಿಂದ ಮುಂದೆ ತಮಿಳುನಾಡಿನ ಹಳ್ಳಿಗಳು. ಮತ್ತೆ ಹುಟ್ಟೂರಿಗೆ ಹೋಗಲೇ ಇಲ್ಲ.

ಅವರು ಬಂದದ್ದು ಧರ್ಮ ಪ್ರಚಾರಕ್ಕೆ. ಇದನ್ನು ಮುಚ್ಚಿಡಬೇಕಾಗಿಲ್ಲ. ಮಧುರೈ ನಾಯಕರ ಸೀಮೆಯಲ್ಲಿ ಅವರಿಗಿಂತ ನೂರು ವರ್ಷ ಮೊದಲೇ ರಾಬರ್ಟ್ ಡಿ ನೊಬಿಲಿ ಸಂನ್ಯಾಸಿಯ ವೇಷ ತೊಟ್ಟು ಈ ಕೆಲಸ ಆರಂಭಿಸಿದ್ದರು. ಆ ಮಿಷನ್‌ಗೆ ಕೀರ್ತಿಯೂ ಇತ್ತು, ಕಳಂಕವೂ ಇತ್ತು. ಊರಿನ ಜಾತಿ ಕಟ್ಟಳೆಗೆ ಅದು ಹೊಂದಿಕೊಂಡಿತು. ಮೇಲ್ಜಾತಿಯವರಿಗೆ ಒಂದು ಬಗೆಯ ಗುರುಗಳು, ಕೆಳಜಾತಿಯವರಿಗೆ ಇನ್ನೊಂದು ಬಗೆಯವರು ಎಂಬ ಏರ್ಪಾಟೂ ಇತ್ತು. ಇನ್ನೊಂದು ಕಡೆ, ಪಾಳೆಯಗಾರರ ಮನಸ್ಸು ಕೆಟ್ಟರೆ ಸಾಕು, ಪಾದ್ರಿಗಳ ಜೀವಕ್ಕೆ ಖಾತರಿ ಇರಲಿಲ್ಲ. 1693ರಲ್ಲಿ ಓರಿಯೂರಿನಲ್ಲಿ ಜಾನ್ ಡಿ ಬ್ರಿಟೋ ಅವರ ತಲೆ ಕಡಿದಿದ್ದರು. ಬೆಸ್ಕಿಯವರೂ ಬಂದ ಕೆಲವೇ ವರ್ಷಗಳಲ್ಲಿ ಸೆರೆ ಸಿಕ್ಕಿ, ಮರಣದಂಡನೆಯ ಬಾಯಿಂದ ಪಾರಾದರು.

ಇಂಥ ಕಾಲದಲ್ಲಿ ಹಳ್ಳಿಯ ಕ್ರೈಸ್ತರಿಗೆ ಬೇಕಾಗಿದ್ದದ್ದು ಓಡಿಬಂದು ಉಳಿಯಲು ಒಂದು ಜಾಗ. ಏಲಾಕುರಿಚ್ಚಿ ಹಾಗೆ ಬೆಳೆದ ಊರು. ಕೆಲಸದ ಮೇಲೆ ತಂಜಾವೂರಿಗೆ ಹೋದಾಗ ನಾನು ಈ ಊರು ನೋಡಿದ್ದೇನೆ. ತಿರುವೈಯಾರಿನ ಕಡೆಯಿಂದ ಬಂದು ಕೊಳ್ಳಿಡಂ ಹೊಳೆ ದಾಟಿದರೆ ಅರಿಯಲೂರು ಜಿಲ್ಲೆ. ಕೊಳ್ಳಿಡಂ ಎಂದರೆ ನಮ್ಮ ಕಾವೇರಿಯದೇ ಒಂದು ಕವಲು. ತಲಕಾವೇರಿಯ ನೀರು ಕೊನೆಗೆ ಯಾರ ಯಾರ ಊರಿಗೆ ಹೋಗುತ್ತದೆ ಎಂದು ನಾವು ಜಗಳದ ದಿನಗಳಲ್ಲಿ ಮಾತ್ರ ನೆನೆಯುತ್ತೇವೆ.

ಬೆಸ್ಕಿ ಈ ಊರಿಗೆ ತಿರುಕ್ಕಾವಲೂರು ಎಂದು ಹೆಸರಿಟ್ಟರು. ಇಲ್ಲಿನ ಮಾತೆ ಮರಿಯಳನ್ನು ಅಡೈಕ್ಕಲ ಮಾತೆ ಎಂದು ಕರೆದರು. ಕಾವಲು ಎಂಬ ಪದ ನಮಗೂ ಅದೇ. ಅಡೈಕ್ಕಲಂ ಎಂದರೆ ಆಸರೆ, ಶರಣು ಬಂದವರಿಗೆ ಕೊಡುವ ರಕ್ಷೆ. ಹೆಸರಿನಲ್ಲೇ ಆ ಇಗರ್ಜಿಯ ಆರಂಭದ ಚರಿತ್ರೆ ಇದೆ. ಆ ಸೀಮೆಯ ಮಳವರಾಯ ಪಾಳೆಯಗಾರನ ಹುಣ್ಣನ್ನು ಬೆಸ್ಕಿ ವಾಸಿ ಮಾಡಿದರೆಂದೂ, ಅದಕ್ಕೆ ಅವನು ಇಗರ್ಜಿಗೆ ಭೂಮಿ ಬಿಟ್ಟುಕೊಟ್ಟನೆಂದೂ ಊರಿನವರು ಹೇಳುತ್ತಾರೆ.

ಅವರು ಕಟ್ಟಿದ ಇನ್ನೊಂದು ಹಳ್ಳಿ ಇಗರ್ಜಿ ವಿರುದಾಚಲಂ ಸೀಮೆಯ ಕೋನಾಂಕುಪ್ಪಂನದು. ಅಲ್ಲಿ ಮಾತೆಯ ಹೆಸರು ಪೆರಿಯನಾಯಕಿ. ಈ ಹೆಸರು ಆ ಸೀಮೆಯ ಶಿವಾಲಯಗಳಲ್ಲಿ ದೇವಿಗೆ ಇರುವಂಥದೇ. ಮೂರ್ತಿಯ ಕಥೆ ಇನ್ನೂ ಸೊಗಸು. ಬೆಸ್ಕಿ ಮೈಲಾಪುರಕ್ಕೆ ನಡೆದು ಬಂದು, ಅಲ್ಲಿನ ಬಿಷಪ್ಪರ ಮೂಲಕ ಫಿಲಿಪ್ಪೀನ್ಸ್‌ನ ಮನಿಲಾದಲ್ಲಿ ಮೂರ್ತಿ ಮಾಡಿಸಿದರಂತೆ. ಯುರೋಪಿನ ರಾಣಿಯಂತೆ ಬೇಡ, ತಮಿಳು ಹೆಣ್ಣಿನಂತೆ ಸೀರೆ ಉಡಿಸಿ ಎಂದು ಚಿತ್ರ ಬರೆಸಿ ಕಳಿಸಿದರಂತೆ. ಹೊಲದಿಂದ ಬರುವ ಹೆಂಗಸು ಕೈಮುಗಿಯುವಾಗ ಎದುರಿಗೆ ಪರದೇಶಿ ಇರಬಾರದು ಎಂಬುದು ಅವರ ಲೆಕ್ಕ.

ಇದೆಲ್ಲ ಆಗಬೇಕಾದರೆ ಭಾಷೆ ಬರಬೇಕು. ಮೂವತ್ತು ದಾಟಿದ ಮೇಲೆ ಅಕ್ಷರಾಭ್ಯಾಸ ಶುರು ಮಾಡಿದ ಈ ಮನುಷ್ಯ ಸುಪ್ರದೀಪ ಕವಿರಾಯರ ಹತ್ತಿರ ಪಾಠ ಹೇಳಿಸಿಕೊಂಡರೆಂದು ಪ್ರತೀತಿ. 1726ರ ಹೊತ್ತಿಗೆ ತೇಂಬಾವಣಿ ಎಂಬ ಮಹಾಕಾವ್ಯ ಮುಗಿಯಿತು. ಮೂರು ಕಾಂಡ, 36 ಪಡಲ, 3,615 ಪದ್ಯ. ಕಥಾನಾಯಕ ಸಂತ ಜೋಸೆಫರು, ತಮಿಳಿನಲ್ಲಿ ಅವರ ಹೆಸರು ವಳನ್. ಯೂದಾಯ ದೇಶದ ವರ್ಣನೆ ಓದಿದರೆ ಮರಳುಗಾಡು ಕಾಣುವುದಿಲ್ಲ, ತುಂಬಿ ಹರಿಯುವ ಹೊಳೆ, ಭತ್ತದ ಗದ್ದೆಗಳ ಸೀಮೆಯೇ ಕಾಣುತ್ತದೆ.

ಪಂಡಿತರ ತಮಿಳು ಬಂತೆಂದು ಅವರು ಬೀದಿಯ ತಮಿಳನ್ನು ಕೀಳಾಗಿ ಕಾಣಲಿಲ್ಲ. ಆಡುಮಾತಿಗೇ ಒಂದು ವ್ಯಾಕರಣ ಬರೆದರು. ಅದು ಹೊಸದಾಗಿ ಬರುವ ಪಾದ್ರಿಗಳಿಗಾಗಿ ಲ್ಯಾಟಿನ್‌ನಲ್ಲಿ ಬರೆದದ್ದು. ಅದನ್ನು 1738ರಲ್ಲಿ ಅಚ್ಚು ಹಾಕಿದ್ದು ತರಂಗಂಬಾಡಿಯ ಲೂಥರನ್ ಮುದ್ರಣಾಲಯ. ಅದೇ ಲೂಥರನ್ನರ ವಿರುದ್ಧ ಬೆಸ್ಕಿ ಕಟುವಾದ ಖಂಡನೆಗಳನ್ನು ಬರೆದಿದ್ದರು. ಜಗಳ ಜಗಳದ ಪಾಡಿಗೆ ಇತ್ತು, ಪುಸ್ತಕ ಮಾತ್ರ ಒಳ್ಳೆಯದೆಂದು ಆ ಕಡೆಯವರೂ ಒಪ್ಪಿದರು. 1732ರ ಚತುರಕರಾದಿ ಇನ್ನೊಂದು ದೊಡ್ಡ ಕೆಲಸ. ಅದಕ್ಕೆ ಮುಂಚೆ ತಮಿಳಿನಲ್ಲಿ ನಿಘಂಟು ಎಂದರೆ ಬಾಯಿಪಾಠ ಮಾಡುವ ಪದ್ಯಗಳು. ಬೆಸ್ಕಿ ಪದಗಳನ್ನು ಅಕಾರಾದಿಯಾಗಿ ಜೋಡಿಸಿ, ಬೇಕಾದ ಪದವನ್ನು ತೆರೆದು ನೋಡುವಂತೆ ಮಾಡಿದರು. ಎ ಮತ್ತು ಏ, ಒ ಮತ್ತು ಓ ಬರವಣಿಗೆಯಲ್ಲಿ ಸ್ಪಷ್ಟವಾಗಿ ಬೇರೆ ಕಾಣುವಂತೆ ಅಕ್ಷರಗಳನ್ನು ತಿದ್ದಿದವರೂ ಅವರೇ. ಇಂದು ಚೆನ್ನೈನ ಬಸ್ಸಿನ ಬೋರ್ಡು ಓದುವ ಪ್ರತಿಯೊಬ್ಬರೂ ಆ ತಿದ್ದುಪಡಿಯ ಋಣದಲ್ಲಿದ್ದೇವೆ.

ಮೊದಲು ಅವರನ್ನು ಜನ ಧೈರ್ಯನಾಥ ಸ್ವಾಮಿ ಎಂದು ಕರೆಯುತ್ತಿದ್ದರು. ಆಮೇಲೆ ಅದೇ ಅರ್ಥಕ್ಕೆ ಹತ್ತಿರವಾದ ವೀರಮಾಮುನಿವರ್ ಎಂಬ ಹೆಸರು ನಿಂತಿತು. 1747ರ ಫೆಬ್ರುವರಿ 4ರಂದು ಕೇರಳದ ಅಂಬಳಕ್ಕಾಡಿನಲ್ಲಿ ತೀರಿಕೊಂಡರು. 1773ರಲ್ಲಿ ಪೋಪರು ಯೇಸುಸಭೆಯನ್ನೇ ರದ್ದು ಮಾಡಿದರು. ಹಳ್ಳಿಗಳಿಗೆ ಪಾದ್ರಿಗಳು ಬರುವುದೇ ಅಪರೂಪವಾಯಿತು. ಅಂಥ ಅರವತ್ತು ಚಿಲ್ಲರೆ ವರ್ಷ ಜಪ, ಹಾಡು, ಪಾಠಗಳನ್ನು ಹಿಡಿದುಕೊಂಡು ನಡೆಸಿದವರು ಊರಿನ ಉಪದೇಶಿಗಳು. ಪ್ರಾರ್ಥನೆ ತಮ್ಮ ಮಾತಿನಲ್ಲೇ ಇತ್ತು, ಅದಕ್ಕೇ ಅದು ಗುರುಗಳಿಲ್ಲದೆಯೂ ಉಳಿಯಿತು ಎಂದು ನನಗನಿಸುತ್ತದೆ.

ನಮ್ಮ ಮನೆಯ ವಿಷಯ ಹೇಳುತ್ತೇನೆ. ತಮಿಳುನಾಡಿನಲ್ಲಿ 2006ರ ಕಾನೂನಿನಂತೆ ಶಾಲೆಗಳಲ್ಲಿ ತಮಿಳು ಕಲಿಯಬೇಕು. ಮಗಳಿಗೆ ತಮಿಳು ನೀರು ಕುಡಿದಷ್ಟು ಸಲೀಸು. ಊರಲ್ಲಿರುವ ನಮ್ಮಮ್ಮನಿಗೆ ಇದೇ ಕೊರಗು: ಮಗು ಕನ್ನಡ ಮರೆತರೆ ನಮ್ಮದೆಂಬುದು ಏನು ಉಳಿಯಿತು? ಈ ಭಯ ಸುಳ್ಳಲ್ಲ. ಮುಂಬೈ, ಪುಣೆ, ಹೈದರಾಬಾದ್, ದೆಹಲಿಯಲ್ಲಿರುವ ನಿಮ್ಮ ಮನೆಗಳಲ್ಲೂ ಇದೆ. ತರಕಾರಿಗೆ, ಆಟೋಗೆ ಬೇಕಾದಷ್ಟು ಆ ಊರಿನ ಭಾಷೆ ಕಲಿತು, ಉಳಿದದ್ದನ್ನು ಇಂಗ್ಲಿಷಿನಲ್ಲಿ ಮುಗಿಸಿದರೆ ನಮ್ಮತನ ಉಳಿಯುತ್ತದೆ ಎಂದು ನಾವು ಒಳಗೊಳಗೇ ನಂಬಿರುತ್ತೇವೆ. ಹಾಗೆ ಉಳಿಯುವುದು ಕನ್ನಡವಲ್ಲ, ಒಂಟಿತನ. ಮಕ್ಕಳಿಗೆ ಕನ್ನಡ ಉಳಿಸುವುದು ನಮ್ಮ ಮನೆಯ ಕೆಲಸ. ನೆರೆಮನೆಯ ಭಾಷೆಯನ್ನು ದೂರವಿಡುವುದರಿಂದ ಆ ಕೆಲಸ ಆಗುವುದಿಲ್ಲ.

ಆಡುಮಾತಿನ ಅಭ್ಯಾಸಕ್ಕೆಂದು ಬೆಸ್ಕಿ ಬರೆದ ನಗೆಗಥೆಯೇ ಪರಮಾರ್ಥ ಗುರು ಮತ್ತು ಅವನ ಐವರು ದಡ್ಡ ಶಿಷ್ಯರದು. ನಮ್ಮ ಮೈಸೂರು ಸೀಮೆಯ ಹಳ್ಳಿಗಳಲ್ಲಿ ವರ್ಷಗಟ್ಟಲೆ ಇದ್ದ ಪಾದ್ರಿ ದುಬೊಯ್ ಅದನ್ನು ಫ್ರೆಂಚಿಗೆ ತಿರುಗಿಸಿ 1826ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರಕಟಿಸಿದರು. ಕುಂಬಳಕಾಯಿಯನ್ನು ಕುದುರೆ ಮೊಟ್ಟೆ ಎಂದು ಕೊಂಡುಕೊಂಡ ಆ ಪ್ರಸಂಗವನ್ನು ಮಗಳು ತಮಿಳಿನಲ್ಲಿ ಓದಿ, ಅಜ್ಜಿಗೆ ಫೋನಿನಲ್ಲಿ ಕನ್ನಡದಲ್ಲಿ ಹೇಳಿದಳು. ಅಜ್ಜಿ ನಕ್ಕು, ಇದು ನಮ್ಮ ಊರಿನ ಕಥೆಯೇ ಅಲ್ಲವೇನೇ ಎಂದರು.